ಹೊಸ ಫೋನ್ ತೊಗೊಳ್ಳೋದಾ, ಇದ್ದದ್ದನ್ನೇ ನಡೆಸೋದಾ?

"ಸರ, ನಂದು ನಾಲ್ಕು ವರ್ಷದ ಫೋನ್ ಅದ. ಹ್ಯಾಂಗ್ ಆಗ್ಲತ್ತದ. ಹೊಸಾ ಮಾಡೆಲ್ ಬಂದದಂತಲ್ಲ, ತೊಗೋಬೇಕೋ ಬ್ಯಾಡೋ?"

ಕಲಬುರಗಿಯಲ್ಲಿ ಫೋನಿನ ವಿಷಯ ಒಂದಿಷ್ಟು ಗೊತ್ತಿದೆ ಎಂದು ಹೆಸರು ಬಿದ್ದವರಿಗೆ ಈ ಪ್ರಶ್ನೆ ತಪ್ಪಿದ್ದಲ್ಲ. ವಿಶ್ವವಿದ್ಯಾಲಯದ ಹುಡುಗರು ಕೇಳುತ್ತಾರೆ, ಸೇಡಂ ಕಡೆ ಸಿಮೆಂಟ್ ಕಾರ್ಖಾನೆಗೆ ಹೋಗುವವರು ಕೇಳುತ್ತಾರೆ, ಜೇವರ್ಗಿಯ ತೊಗರಿ ಬೆಳೆಗಾರರು ಕೇಳುತ್ತಾರೆ. ಎಲ್ಲರಿಗೂ ಒಂದೇ ಉತ್ತರ ಕೊಡಲು ಬರುವುದಿಲ್ಲ. ಉತ್ತರ ಹುಡುಕುವ ದಾರಿ ಮಾತ್ರ ಒಂದೇ, ಅದನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಹೊಸ ಫೋನಿನ ಜಾಹೀರಾತು ನೋಡುವ ಮೊದಲು ಹಳೆಯದಕ್ಕೆ ಬಂದ ರೋಗ ಯಾವುದು ಎಂದು ತಿಳಿದುಕೊಳ್ಳಿ. ರೋಗದಲ್ಲಿ ಎರಡು ಜಾತಿ. ಬ್ಯಾಟರಿ ಸೋತಿದೆ, ಜಾಗ ತುಂಬಿದೆ, ಚಾರ್ಜಿಂಗ್ ಪಿನ್ ಸಡಿಲಾಗಿದೆ ಎಂದರೆ ಅದು ವಾಸಿಯಾಗುವ ರೋಗ, ಕೆಲವಕ್ಕೆ ದುಡ್ಡೂ ಬೇಡ. ಕಂಪನಿ ಅಪ್‌ಡೇಟ್ ಕೊಡುವುದನ್ನು ನಿಲ್ಲಿಸಿದೆ, ನಿಮ್ಮ ಊರಿನ ಸಿಗ್ನಲ್ ಹಿಡಿಯುವ ಶಕ್ತಿಯೇ ಫೋನಿಗಿಲ್ಲ ಎಂದರೆ ಅದಕ್ಕೆ ಯಾವ ಅಂಗಡಿಯಲ್ಲೂ ಮದ್ದಿಲ್ಲ. ಎರಡನೇ ಜಾತಿಯದ್ದಾದರೆ ಮಾತ್ರ ಹೊಸದರ ಮಾತು.

ಬೇಕಾಗುವ ಸಾಮಾನು: ಒಂದು ಚೀಟಿ, ಪೆನ್ನು, ಫೋನಿನ ಹಳೆಯ ಬಿಲ್, ಒಂದು ಕಟ್ಟಿಗೆಯ ಹಲ್ಲುಕಡ್ಡಿ, ಒಂದು ಬಿಡುವಿನ ಸಂಜೆ. ಹಲ್ಲುಕಡ್ಡಿ ಯಾಕೆಂದು ಮುಂದೆ ಗೊತ್ತಾಗುತ್ತದೆ.

1. ಒಂದು ವಾರ ದೂರು ಬರೆಯಿರಿ

ಫೋನ್ ಸತಾಯಿಸಿದಾಗಲೆಲ್ಲ ಚೀಟಿಯಲ್ಲಿ ಒಂದು ಸಾಲು ಬರೆಯಿರಿ. "ಫೋನ್ ಸರಿಯಿಲ್ಲ" ಎಂದು ಬರೆದರೆ ಉಪಯೋಗವಿಲ್ಲ. "ಮಧ್ಯಾಹ್ನ ಎರಡಕ್ಕೆ 30 ಪರ್ಸೆಂಟ್ ಇತ್ತು, ತಾನೇ ಆಫ್ ಆಯಿತು", "ಫೋಟೋ ತೆಗೆಯಲು ಹೋದರೆ ಜಾಗ ಇಲ್ಲ ಎಂದಿತು", "ತೋಟದಲ್ಲಿ ಕಾಲ್ ಕಟ್ಟಾಗುತ್ತದೆ, ಮನೆಯಲ್ಲಿ ಆಗುವುದಿಲ್ಲ" ಎಂಬಷ್ಟು ವಿವರ ಇರಲಿ. ವಾರದ ಕೊನೆಗೆ ಓದಿದರೆ ಹತ್ತು ದೂರುಗಳಲ್ಲಿ ಏಳೆಂಟು ಒಂದೇ ಬೇರಿನವು ಎಂದು ನಿಮಗೇ ಕಾಣುತ್ತದೆ. ಚೀಟಿ ಖಾಲಿ ಉಳಿಯಿತೇ? ಹಾಗಿದ್ದರೆ ಫೋನಿಗೇನೂ ಆಗಿಲ್ಲ, ನಿಮಗೆ ಹೊಸದರ ಆಸೆ ಹುಟ್ಟಿದೆ. ಆಸೆ ತಪ್ಪಲ್ಲ, ದುಡ್ಡಿದ್ದರೆ ತೊಗೊಳ್ಳಿ. ಆದರೆ "ಅವಶ್ಯ ಇತ್ತು" ಎಂದು ಮನೆಯವರ ಮುಂದೆ ಹೇಳಬೇಡಿ.

2. ಜಾಗ ಖಾಲಿ ಮಾಡಿ

ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ತೆರೆಯಿರಿ. ಸ್ಟೋರೇಜ್ ಎಂದರೆ ಫೋಟೋ, ವಿಡಿಯೋ, ಆಪ್ ಎಲ್ಲ ಕೂಡುವ ಉಗ್ರಾಣ. ಅದು ಕಂಠಮಟ್ಟ ತುಂಬಿದರೆ ಫೋನ್ ನಿಧಾನವಾಗಿಯೇ ಆಗುತ್ತದೆ. ಹತ್ತರಲ್ಲಿ ಒಂದೂವರೆ ಪಾಲಾದರೂ ಖಾಲಿ ಇಡಿ.

ಮುಖ್ಯ ಕಳ್ಳ ವಾಟ್ಸಾಪ್. ಅದರ ಸೆಟ್ಟಿಂಗ್ಸ್‌ನಲ್ಲಿ ಸ್ಟೋರೇಜ್ ಅಂಡ್ ಡೇಟಾ, ಅದರೊಳಗೆ ಮ್ಯಾನೇಜ್ ಸ್ಟೋರೇಜ್ ಒತ್ತಿ. 5 ಎಂಬಿಗಿಂತ ದೊಡ್ಡ ಕಡತಗಳನ್ನು, ಹಲವು ಸಲ ಫಾರ್ವರ್ಡ್ ಆದ ವಿಡಿಯೋಗಳನ್ನು ಅದು ಬೇರೆಯಾಗಿಯೇ ತೋರಿಸುತ್ತದೆ. ಮದುವೆ ಗ್ರೂಪು, ಓಣಿಯ ಗ್ರೂಪು, ದಿನವೂ ಬರುವ ಶುಭೋದಯದ ಚಿತ್ರಗಳು ಎಲ್ಲ ಸೇರಿ ಹತ್ತಿಪ್ಪತ್ತು ಜಿಬಿ ತಿಂದು ಕೂತಿರುವುದು ಮಾಮೂಲು. ಅಳಿಸಿದ ಮೇಲೆ ಆಟೋ ಡೌನ್‌ಲೋಡ್ ಬಂದ್ ಮಾಡಿ, ಇಲ್ಲವಾದರೆ ಮುಂದಿನ ಶ್ರಾವಣಕ್ಕೆ ಮತ್ತೆ ತುಂಬಿರುತ್ತದೆ.

ಎಚ್ಚರ: "ಫೋನ್ ಕ್ಲೀನರ್", "ರ‍್ಯಾಮ್ ಬೂಸ್ಟರ್" ಎಂಬ ಹೆಸರಿನ ಆಪ್‌ಗಳನ್ನು ಹಾಕಿಕೊಳ್ಳಬೇಡಿ. ಜಾಹೀರಾತು ತೋರಿಸುವುದೇ ಅವುಗಳ ಕೆಲಸ. ಅವು ಇದ್ದರೆ ಫೋನ್ ಇನ್ನೂ ನಿಧಾನ.

3. ಪಿನ್ನು, ಬ್ಯಾಟರಿ, ನಮ್ಮ ಬಿಸಿಲು

ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ನಮ್ಮ ಭಾಗದಲ್ಲಿ ಫೋನ್ ಬದಲಾಯಿಸಿದವರಲ್ಲಿ ಬಹುಪಾಲು ಜನ ನಿಜವಾಗಿ ಬದಲಾಯಿಸಬೇಕಿದ್ದದ್ದು ಬ್ಯಾಟರಿಯನ್ನು ಮಾತ್ರ ಎಂಬುದು ನನ್ನ ಅನಿಸಿಕೆ.

ಮೊದಲು ಹಲ್ಲುಕಡ್ಡಿಯ ಕೆಲಸ. ಚಾರ್ಜರ್ ಹಾಕಿದರೆ ಕೂಡುವುದಿಲ್ಲ, ಒಂದು ಕಡೆ ಒತ್ತಿ ಹಿಡಿದರೆ ಮಾತ್ರ ಚಾರ್ಜ್ ಆಗುತ್ತದೆ ಎಂದರೆ ಫೋನ್ ಆಫ್ ಮಾಡಿ, ಪಿನ್ನಿನ ತೂತಿನೊಳಗೆ ಟಾರ್ಚ್ ಹಾಯಿಸಿ ನೋಡಿ. ಜೇಬಿನ ನೂಲು, ರಾಶಿ ಮಾಡುವಾಗ ಹಾರುವ ತೊಗರಿ ಹೊಟ್ಟು, ಸಿಮೆಂಟಿನ ಧೂಳು ಎಲ್ಲ ಒತ್ತಿ ಒತ್ತಿ ತಳದಲ್ಲಿ ಬಿಲ್ಲೆಯ ಹಾಗೆ ಕೂತಿರುತ್ತದೆ. ಕಟ್ಟಿಗೆಯ ಕಡ್ಡಿಯಿಂದ ಗೋಡೆಯ ಬದಿಗೆ ನಿಧಾನವಾಗಿ ಕೆದರಿದರೆ ಬೂದು ಬಣ್ಣದ ಗಂಟು ಹೊರಬರುತ್ತದೆ. ಸೂಜಿ, ಪಿನ್ನು, ಸೇಫ್ಟಿ ಪಿನ್ನು ಹಾಕಬೇಡಿ. ಒಳಗಿನ ತಾಮ್ರದ ಕಡ್ಡಿ ಮುರಿದರೆ ಇಲ್ಲದ ಖರ್ಚು. ನಡುವಿನ ನಾಲಗೆಯಂಥ ಪಟ್ಟಿಯನ್ನು ಮುಟ್ಟಲೇಬೇಡಿ. ಹೀಗೆ ಸ್ವಚ್ಛ ಮಾಡಿದ ಮೇಲೆ ಚಾರ್ಜರ್ "ಟಕ್" ಎಂದು ಕೂತರೆ ನಿಮಗೆ ಪಿನ್ ಬದಲಾಯಿಸುವ ದುಡ್ಡು ಉಳಿಯಿತು.

ಇನ್ನು ಬ್ಯಾಟರಿ. ಫೋನಿನಲ್ಲಿರುವುದು ಲಿಥಿಯಂ ಅಯಾನ್ ಬ್ಯಾಟರಿ. ಸೊನ್ನೆಯಿಂದ ನೂರರವರೆಗೆ ಒಂದು ಪೂರ್ತಿ ಚಾರ್ಜಿನಷ್ಟು ಬಳಕೆಯನ್ನು ಒಂದು ಸೈಕಲ್ ಎನ್ನುತ್ತಾರೆ. ಅರ್ಧರ್ಧ ಎರಡು ಸಲ ಹಾಕಿದರೂ ಒಂದೇ ಸೈಕಲ್. ಐಫೋನ್ 14ರವರೆಗಿನ ಬ್ಯಾಟರಿಗಳು 500 ಸೈಕಲ್ ಆದ ಮೇಲೆ ಮೂಲ ಶಕ್ತಿಯ 80 ಪರ್ಸೆಂಟ್ ಉಳಿಸಿಕೊಳ್ಳುವಂತೆ, 15ರಿಂದ ಈಚಿನವು 1,000 ಸೈಕಲ್‌ಗೆ ಅಷ್ಟು ಉಳಿಸಿಕೊಳ್ಳುವಂತೆ ಮಾಡಲಾಗಿದೆ ಎಂದು ಆಪಲ್ ಹೇಳುತ್ತದೆ. ಯುರೋಪಿನಲ್ಲಿ 2025ರ ಜೂನ್ 20ರಿಂದ ಮಾರುಕಟ್ಟೆಗೆ ಬರುವ ಫೋನ್‌ಗಳಿಗೆ 800 ಸೈಕಲ್ ಕಡ್ಡಾಯ. ನಮ್ಮ ದೇಶಕ್ಕೆ ಆ ಕಾಯಿದೆ ಇಲ್ಲ, ಆದರೂ ಹೊಸ ಫೋನ್ ನೋಡುವಾಗ ಅದರ ಯುರೋಪಿನ ಲೇಬಲ್‌ನಲ್ಲಿ ಸೈಕಲ್ ಸಂಖ್ಯೆ ಎಷ್ಟಿದೆ ಎಂದು ಹುಡುಕಿ ನೋಡಬಹುದು.

ಆ ಲೆಕ್ಕವೆಲ್ಲ ತಂಪು ಹವೆಯದ್ದು. ಆಪಲ್ ತನ್ನ ಫೋನನ್ನು 0ಯಿಂದ 35 ಡಿಗ್ರಿ ಸೆಲ್ಸಿಯಸ್ ಹವೆಯಲ್ಲಿ ಬಳಸಿ ಎನ್ನುತ್ತದೆ. ಉಳಿದ ಕಂಪನಿಗಳ ಸಲಹೆಯೂ ಹೆಚ್ಚು ಕಡಿಮೆ ಇದೇ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಪಾದರಸ 42 ದಾಟುವುದು ಹೊಸ ಸುದ್ದಿಯೇನಲ್ಲ. ಪತ್ರಾಸಿನ ಮನೆಯಲ್ಲಿ ಕಿಟಕಿ ಕಟ್ಟೆಯ ಮೇಲೆ ಚಾರ್ಜಿಗೆ ಹಾಕಿದ ಫೋನು, ಬೈಕಿನ ಹ್ಯಾಂಡಲ್ಲಿಗೆ ಸಿಕ್ಕಿಸಿದ ಫೋನು, ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟ ಫೋನು ಬೇಗ ಮುಪ್ಪಾಗುತ್ತವೆ. ಕಾದ ಫೋನ್ ತನ್ನನ್ನು ಉಳಿಸಿಕೊಳ್ಳಲು ಪರದೆಯ ಬೆಳಕು ತಗ್ಗಿಸುತ್ತದೆ, ಚಾರ್ಜಿಂಗ್ ನಿಧಾನ ಮಾಡುತ್ತದೆ, ಕೆಲಸದ ವೇಗ ಇಳಿಸುತ್ತದೆ. ನಾವು ಅದನ್ನೇ "ಹ್ಯಾಂಗ್" ಎನ್ನುತ್ತೇವೆ. ನಿಮ್ಮ ಚೀಟಿಯಲ್ಲಿ ದೂರುಗಳೆಲ್ಲ ಹನ್ನೆರಡರಿಂದ ನಾಲ್ಕರೊಳಗೆ ಬಿದ್ದಿವೆಯೇ ನೋಡಿ. ಹಾಗಿದ್ದರೆ ಅರವತ್ತು ಸಾವಿರದ ಫೋನ್ ತಂದರೂ ಮೇ ತಿಂಗಳಲ್ಲಿ ಅದೇ ಕಥೆ.

ಬೈಕಿನ ಹ್ಯಾಂಡಲ್ ಎಂದೆನಲ್ಲ, ಅದು ನನ್ನದೇ ತಪ್ಪು. ಮ್ಯಾಪ್ ನೋಡಲು ಹೋಲ್ಡರ್ ಹಾಕಿಸಿ ಒಂದು ವರ್ಷ ಆಳಂದ ರಸ್ತೆಯಲ್ಲಿ ಓಡಾಡಿದೆ. ಕ್ಯಾಮೆರಾ ಎಲ್ಲೂ ನಿಲ್ಲದೆ ನಡುಗತೊಡಗಿತು. ಫೋನ್ ಹಳತಾಯಿತು ಎಂದುಕೊಂಡಿದ್ದೆ. ಕ್ಯಾಮೆರಾದೊಳಗೆ ಕೈನಡುಕ ತಡೆಯುವ ಸಣ್ಣ ಯಂತ್ರ ಇರುತ್ತದೆ, ಬೈಕಿನ ಕಂಪನಕ್ಕೆ ಅದು ಹಾಳಾಗಬಹುದು ಎಂದು ಆಪಲ್ 2021ರಲ್ಲೇ ಎಚ್ಚರಿಸಿತ್ತು ಎಂಬುದು ಆಮೇಲೆ ತಿಳಿಯಿತು. ಕ್ಯಾಮೆರಾ ಬಿಡಿಭಾಗ ಹಾಕಿಸಿದೆ, ಫೋನ್ ಇನ್ನೂ ನಡೆಯುತ್ತಿದೆ.

ಬ್ಯಾಟರಿ ಆರೋಗ್ಯ ನೋಡುವುದು ಹೀಗೆ. ಐಫೋನ್‌ನಲ್ಲಿ ಸೆಟ್ಟಿಂಗ್ಸ್, ಬ್ಯಾಟರಿ, ಬ್ಯಾಟರಿ ಹೆಲ್ತ್. ಸ್ಯಾಮ್‌ಸಂಗ್‌ನಲ್ಲಿ ಸ್ಯಾಮ್‌ಸಂಗ್ ಮೆಂಬರ್ಸ್ ಆಪ್‌ನ ಡಯಾಗ್ನಾಸ್ಟಿಕ್ಸ್. ಬೇರೆ ಕಂಪನಿಯ ಫೋನ್‌ಗಳಲ್ಲಿ ಬ್ಯಾಟರಿ ಸೆಟ್ಟಿಂಗ್ಸ್ ಒಳಗೆ ಹುಡುಕಿ, ಹೊಸ ಮಾದರಿಗಳಲ್ಲಿ ಸಿಗುತ್ತದೆ. ಸಿಗದಿದ್ದರೆ ಸರಳ ಪರೀಕ್ಷೆ ಒಂದಿದೆ: ಪೂರ್ತಿ ಚಾರ್ಜ್ ಮಾಡಿ, ರಾತ್ರಿ ವೈಫೈ, ಡೇಟಾ ಬಂದ್ ಮಾಡಿ ಮಲಗಿ. ಬೆಳಗ್ಗೆ ಹತ್ತು ಪರ್ಸೆಂಟಿಗಿಂತ ಹೆಚ್ಚು ಇಳಿದಿದ್ದರೆ ಬ್ಯಾಟರಿ ಸೋತಿದೆ, ಇಲ್ಲವೇ ಯಾವುದೋ ಆಪ್ ಒಳಗೊಳಗೇ ಮೇಯುತ್ತಿದೆ. 80ಕ್ಕಿಂತ ಕೆಳಗಿಳಿದ ಬ್ಯಾಟರಿ ಬದಲಾಯಿಸಲು ಯೋಗ್ಯ.

ಕೊನೆಗೆ, ಕವರ್ ತೆಗೆದು ಫೋನನ್ನು ಸಪಾಟು ಮೇಜಿನ ಮೇಲೆ ಬೆನ್ನಡಿ ಮಾಡಿ ಇಟ್ಟು, ಒಂದು ಮೂಲೆಯನ್ನು ಬೆರಳಿಂದ ತಳ್ಳಿ. ಸಪಾಟು ಬೆನ್ನಿನ ಫೋನ್ ತಟ್ಟನೆ ನಿಲ್ಲಬೇಕು. ಬುಗುರಿಯ ಹಾಗೆ ಗಿರ್ರೆಂದು ತಿರುಗಿತೋ, ಬೆನ್ನು ಉಬ್ಬಿದೆ, ಒಳಗೆ ಬ್ಯಾಟರಿ ಉಬ್ಬಿದೆ. ಅಂಚಿನಲ್ಲಿ ಪರದೆ ಉಗುರಿನಷ್ಟು ಎದ್ದಿರುವುದೂ ಅದೇ ಲಕ್ಷಣ. ಅಲ್ಲಿಂದ ಮುಂದೆ ಚಾರ್ಜಿಗೆ ಹಾಕಬೇಡಿ, ಒತ್ತಿ ಕೂಡಿಸಬೇಡಿ, ದಿಂಬಿನ ಕೆಳಗಂತೂ ಇಡಬೇಡಿ. ಮರುದಿನವೇ ಸರ್ವಿಸ್ ಸೆಂಟರಿಗೆ ಒಯ್ಯಿರಿ.

ಬ್ಯಾಟರಿ ಹಾಕಿಸುವುದಾದರೆ ಕಂಪನಿಯ ಅಧಿಕೃತ ಸರ್ವಿಸ್ ಸೆಂಟರಿನಲ್ಲೇ ಹಾಕಿಸಿ. ಬೀದಿಯಲ್ಲಿ ಅರ್ಧ ದರಕ್ಕೆ ಸಿಗುವ "ಒರಿಜಿನಲ್" ಬ್ಯಾಟರಿ ಆರು ತಿಂಗಳಿಗೆ ಮತ್ತೆ ಸೋಲುತ್ತದೆ.

4. ಅಪ್‌ಡೇಟ್ ಯಾವಾಗ ನಿಂತಿತು?

ಮದ್ದಿಲ್ಲದ ರೋಗಗಳಲ್ಲಿ ಇದು ಮೊದಲನೆಯದು. ಅಪ್‌ಡೇಟ್‌ನಲ್ಲಿ ಎರಡು ಬಗೆ ಇವೆ, ಜನ ಎರಡನ್ನೂ ಕಲಸಿಬಿಡುತ್ತಾರೆ. ಆಂಡ್ರಾಯ್ಡ್ 14ರಿಂದ 15ಕ್ಕೆ ಹೋಗುವುದು ಮನೆಗೆ ಹೊಸ ಬಣ್ಣ ಬಳಿದ ಹಾಗೆ. ಇಲ್ಲದಿದ್ದರೂ ಸಂಸಾರ ನಡೆಯುತ್ತದೆ. ಸೆಕ್ಯುರಿಟಿ ಪ್ಯಾಚ್ ಎಂಬುದು ಬಾಗಿಲ ಕೀಲಿ ಸರಿಪಡಿಸಿದ ಹಾಗೆ. ಬ್ಯಾಂಕ್ ಆಪ್, ಯುಪಿಐ ಇರುವ ಫೋನಿಗೆ ಅದು ಬೇಕೇ ಬೇಕು.

ಸೆಟ್ಟಿಂಗ್ಸ್, ಅಬೌಟ್ ಫೋನ್, ಆಂಡ್ರಾಯ್ಡ್ ವರ್ಷನ್ ಒತ್ತಿದರೆ ಕೊನೆಯ ಸೆಕ್ಯುರಿಟಿ ಪ್ಯಾಚಿನ ತಾರೀಖು ಕಾಣುತ್ತದೆ. ಮೂರ್ನಾಲ್ಕು ತಿಂಗಳ ಹಿಂದಿನದಾದರೆ ಚಿಂತೆಯಿಲ್ಲ. ವರ್ಷ ದಾಟಿದ್ದರೆ ಆ ಫೋನಿನಿಂದ ಹಣದ ವ್ಯವಹಾರ ಮಾಡುವುದನ್ನು ಕಡಿಮೆ ಮಾಡಿ, ಹೊಸದಕ್ಕೆ ದುಡ್ಡು ಕೂಡಿಸಲು ಶುರು ಮಾಡಿ. ಎರಡು ವರ್ಷ ದಾಟಿದ್ದರೆ ತಡ ಮಾಡಬೇಡಿ.

ಆಪ್‌ಗಳೂ ಒಂದು ದಿನ ಕೈಬಿಡುತ್ತವೆ. ವಾಟ್ಸಾಪ್ 2025ರ ಜನವರಿ 1ರಿಂದ ಆಂಡ್ರಾಯ್ಡ್ 5.0ಕ್ಕಿಂತ ಹಳೆಯ ಫೋನ್‌ಗಳಲ್ಲಿ ನಿಂತಿತು. ಅದೇ ವರ್ಷದ ಮೇ ತಿಂಗಳಲ್ಲಿ ಐಫೋನ್ 5ಎಸ್, 6, 6 ಪ್ಲಸ್‌ಗಳಲ್ಲೂ ನಿಂತಿತು. ಬ್ಯಾಂಕ್ ಆಪ್‌ಗಳು ಇದಕ್ಕಿಂತ ಮೊದಲೇ ಬಾಗಿಲು ಹಾಕುತ್ತವೆ. ರೈತರಿಗೊಂದು ಮಾತು: ಬೆಳೆ ಸಮೀಕ್ಷೆ ಆಪ್‌ಗೆ ಸರಿಯಾದ ಜಿಪಿಎಸ್, ಪಿಎಂ ಕಿಸಾನ್ ಆಪ್‌ನ ಮುಖ ಗುರುತಿಸುವ ಇ-ಕೆವೈಸಿಗೆ ಸ್ವಚ್ಛ ಮುಂಭಾಗದ ಕ್ಯಾಮೆರಾ ಬೇಕು. ಅವೆರಡೂ ನಿಮ್ಮ ಹಳೆಯ ಫೋನಿನಲ್ಲಿ ಓಡುತ್ತಿದ್ದರೆ ಈ ಹಂತದಲ್ಲಿ ಪಾಸು.

5. ನಿಮ್ಮ ಊರಿನ ಸಿಗ್ನಲ್

5ಜಿ ದೇಶದಲ್ಲಿ ಶುರುವಾದದ್ದು 2022ರ ಅಕ್ಟೋಬರ್ 1ಕ್ಕೆ. "4ಜಿ ಫೋನ್ ಇನ್ನು ನಡೆಯೋದಿಲ್ಲಂತ" ಎಂಬ ಗಾಳಿಸುದ್ದಿ ಅಂದಿನಿಂದಲೂ ಓಡಾಡುತ್ತಿದೆ. ಸುಳ್ಳು. 4ಜಿ ಚೆನ್ನಾಗಿಯೇ ನಡೆಯುತ್ತಿದೆ. ಯುಪಿಐ, ವಾಟ್ಸಾಪ್, ಯೂಟ್ಯೂಬ್‌ಗೆ ಅದು ಸಾಕು. ಬರೀ 5ಜಿಗಾಗಿ ಫೋನ್ ಬದಲಾಯಿಸುವ ಮೊದಲು ನಿಮ್ಮ ರೀಚಾರ್ಜ್ ಪ್ಲಾನ್ ನೋಡಿ. 2024ರ ಜುಲೈನ ದರ ಏರಿಕೆಯಿಂದ ಈಚೆ ಜಿಯೋ, ಏರ್‌ಟೆಲ್ ಎರಡೂ ಅನ್‌ಲಿಮಿಟೆಡ್ 5ಜಿಯನ್ನು ದಿನಕ್ಕೆ 2 ಜಿಬಿ ಅಥವಾ ಅದಕ್ಕಿಂತ ದೊಡ್ಡ ಪ್ಲಾನ್‌ಗಳಿಗೆ ಸೀಮಿತ ಮಾಡಿದವು. ಫೋನಿನ ಖರ್ಚಿನ ಬೆನ್ನಿಗೇ ರೀಚಾರ್ಜ್ ಖರ್ಚೂ ಏರುತ್ತದೆ.

ಬ್ಯಾಂಡ್ ಮಾತ್ರ ಲಕ್ಷ್ಯವಿಟ್ಟು ನೋಡಿ. ಬ್ಯಾಂಡ್ ಎಂದರೆ ಟವರ್ ಮತ್ತು ಫೋನ್ ಮಾತಾಡುವ ತರಂಗದ ಓಣಿ. ಟವರಿನ ಓಣಿ ಫೋನಿನಲ್ಲಿ ಇಲ್ಲದಿದ್ದರೆ ಟವರ್ ಮನೆ ಮುಂದಿದ್ದರೂ ಕಡ್ಡಿ ಬರುವುದಿಲ್ಲ. ಬಿಎಸ್‌ಎನ್‌ಎಲ್ 4ಜಿ ನಡೆಯುವುದು 700 ಮೆಗಾಹರ್ಟ್ಸ್ ಎಂಬ ಬ್ಯಾಂಡ್ 28 ಹಾಗೂ 2100 ಎಂಬ ಬ್ಯಾಂಡ್ 1ರಲ್ಲಿ. 700ರ ತರಂಗ ದೂರ ಹೋಗುತ್ತದೆ, ಗೋಡೆಯನ್ನೂ ಹಾಯುತ್ತದೆ. ಹಳೆಯ ಅನೇಕ ಫೋನ್‌ಗಳಲ್ಲಿ ಬ್ಯಾಂಡ್ 28 ಇಲ್ಲ. ಚಿಂಚೋಳಿಯ ಕಾಡಂಚಿನ ಊರುಗಳಲ್ಲಿ ಇದ್ದು ಬಿಎಸ್‌ಎನ್‌ಎಲ್ ನಂಬಿದವರಾದರೆ ನಿಮ್ಮ ಮಾದರಿಯ ಹೆಸರು ಹಾಕಿ ಬ್ಯಾಂಡ್ ಪಟ್ಟಿ ತೆಗೆದು ನೋಡಿ. 28 ಇಲ್ಲವೆಂದರೆ, ಉಳಿದೆಲ್ಲ ಸರಿಯಿದ್ದರೂ ಬದಲಾಯಿಸಲು ಅದೊಂದು ನ್ಯಾಯವಾದ ಕಾರಣ. 5ಜಿ ತೊಗೊಳ್ಳುವವರು ಎನ್28 ಮತ್ತು ಎನ್78 ಎಂಬ 5ಜಿ ಬ್ಯಾಂಡ್ ಎರಡೂ ಇರುವುದನ್ನೇ ತೊಗೊಳ್ಳಿ.

6. ಲೆಕ್ಕ

ರಿಪೇರಿ ಖರ್ಚು ಆ ಫೋನ್ ಈಗ ಮಾರಿದರೆ ಬರುವ ಬೆಲೆಯ ಅರ್ಧ ದಾಟಿದರೆ ರಿಪೇರಿ ಬೇಡ. ಇದು ನನ್ನ ರೂಢಿ. ಪರದೆ ಒಡೆದದ್ದು, ಮದರ್‌ಬೋರ್ಡ್ ಹೋದದ್ದು ಸಾಮಾನ್ಯವಾಗಿ ಈ ಗೆರೆ ದಾಟುತ್ತವೆ. ಬ್ಯಾಟರಿ, ಪಿನ್, ಸ್ಪೀಕರ್ ದಾಟುವುದಿಲ್ಲ.

ಆಮೇಲೆ ವರ್ಷದ ಖರ್ಚು ತೆಗೆಯಿರಿ. 15,000 ರೂಪಾಯಿಯ ಫೋನಿಗೆ ಅಪ್‌ಡೇಟ್ ಎರಡೇ ವರ್ಷ ಉಳಿದಿದ್ದರೆ ವರ್ಷಕ್ಕೆ 7,500. 24,000ದ ಫೋನಿಗೆ ನಾಲ್ಕು ವರ್ಷ ಇದ್ದರೆ ವರ್ಷಕ್ಕೆ 6,000. ಅಗ್ಗದ್ದು ತುಟ್ಟಿಯಾಯಿತು ನೋಡ್ರಿ. ಹಳೆಯ ಫೋನಿಗೆ 2,000 ಕೊಟ್ಟು ಬ್ಯಾಟರಿ ಹಾಕಿ ಎರಡು ವರ್ಷ ನಡೆಸಿದರೆ ವರ್ಷಕ್ಕೆ 1,000. ಮೂರೂ ಸಾಲನ್ನು ನಿಮ್ಮ ಅಂಕಿಗಳೊಂದಿಗೆ ಅದೇ ಚೀಟಿಯ ಹಿಂದೆ ಬರೆಯಿರಿ.

7. ಹೊಸದರಲ್ಲಿ ನಿಜವಾಗಿ ಹೊಸದೇನು?

ಬದಲಾಯಿಸುವುದೇ ಎಂದು ತೀರ್ಮಾನವಾದವರು ಮಾತ್ರ ಮುಂದೆ ಓದಿ.

ಹೋದ ವರ್ಷದ ಮಾದರಿ ಮತ್ತು ಈ ವರ್ಷದ ಮಾದರಿಯನ್ನು ಅಕ್ಕಪಕ್ಕ ಇಟ್ಟು ಪ್ರೊಸೆಸರ್ ಹೆಸರು ನೋಡಿ. ಪ್ರೊಸೆಸರ್ ಎಂದರೆ ಫೋನಿನ ಮೆದುಳು. ಅದೇ ಮೆದುಳು, ಅದೇ ಕ್ಯಾಮೆರಾ, ಹೊಸ ಬಣ್ಣ, ಹೊಸ ಅಂಕಿ ಎಂಬ ಆಟ ಹದಿನೈದು ಇಪ್ಪತ್ತು ಸಾವಿರದ ಫೋನ್‌ಗಳಲ್ಲಿ ಬಹಳ. ಒಂದು ವರ್ಷದ ಅಂತರಕ್ಕೆ ಫೋನ್ ಬದಲಾಯಿಸಿ ಲಾಭ ಆದವರನ್ನು ನಾನು ಕಂಡಿಲ್ಲ. ಮೂರು ವರ್ಷದ ಅಂತರಕ್ಕೆ ವ್ಯತ್ಯಾಸ ಕೈಗೆ ಸಿಗುತ್ತದೆ.

"8+8 ಜಿಬಿ ರ‍್ಯಾಮ್" ಎಂದು ಡಬ್ಬಿಯ ಮೇಲೆ ಬರೆದಿದ್ದರೆ ಮೊದಲಿನ ಎಂಟು ಮಾತ್ರ ರ‍್ಯಾಮ್. ಎರಡನೆಯ ಎಂಟು ಉಗ್ರಾಣದಿಂದ ಎರವಲು ತಂದ ಜಾಗ, ವೇಗ ಬಹಳ ಕಡಿಮೆ. ಉಗ್ರಾಣದಲ್ಲೂ ಯುಎಫ್‌ಎಸ್ ಎಂದಿದ್ದರೆ ಒಳ್ಳೆಯದು, ಇಎಂಎಂಸಿ ಎಂದಿದ್ದರೆ ನಿಧಾನದ್ದು. ಅಗ್ಗದ ಫೋನ್‌ಗಳು ವರ್ಷದೊಳಗೆ ತೆವಳಲು ಇದೂ ಒಂದು ಕಾರಣ.

ಮೆಗಾಪಿಕ್ಸೆಲ್ ಬಗ್ಗೆ ಎಷ್ಟು ಹೇಳಿದರೂ ಜನ ನಂಬುವುದಿಲ್ಲ. 50 ಮೆಗಾಪಿಕ್ಸೆಲ್ ಕ್ಯಾಮೆರಾ ನಾಲ್ಕು ನಾಲ್ಕು ಚುಕ್ಕಿ ಕೂಡಿಸಿ ಒಂದು ಮಾಡಿ ಸಾಮಾನ್ಯವಾಗಿ 12.5ರ ಫೋಟೋ ಕೊಡುತ್ತದೆ. 108ರದ್ದು ಒಂಬತ್ತು ಕೂಡಿಸಿ 12ರದ್ದು ಕೊಡುತ್ತದೆ. ಹಿಂದೆ ಮೂರು ಕಣ್ಣು ಕಂಡರೆ ಅದರಲ್ಲಿ 2 ಮೆಗಾಪಿಕ್ಸೆಲ್‌ನ ಒಂದೋ ಎರಡೋ ಬರೀ ಲೆಕ್ಕಕ್ಕೆ. ನೋಡಬೇಕಾದ್ದು ಓಐಎಸ್, ಅಂದರೆ ನಾನು ಬೈಕಿನಲ್ಲಿ ಹಾಳು ಮಾಡಿಕೊಂಡ ಆ ಕೈನಡುಕ ತಡೆಯುವ ಯಂತ್ರ. ಶರಣಬಸವೇಶ್ವರ ಜಾತ್ರೆಯಲ್ಲಿ ಕತ್ತಲಾದ ಮೇಲೆ ಫೋಟೋ ಮಸುಕಾಗದಿರಲು ಅದು ಬೇಕು.

ನಮ್ಮ ಭಾಗಕ್ಕೆ ಇನ್ನೆರಡು. ಒಂದು, ಐಪಿ ಅಂಕಿ: ಮೊದಲ ಅಂಕಿ ಧೂಳಿಗೆ, ಎರಡನೆಯದು ನೀರಿಗೆ. ಐಪಿ54 ಎಂದರೆ ಧೂಳು ಸ್ವಲ್ಪ ಒಳಗೆ ಹೋಗಬಹುದು, ಕೆಲಸಕ್ಕೆ ತೊಂದರೆಯಾಗದು. ಐಪಿ67, 68ರಲ್ಲಿ ಮೊದಲ 6 ಧೂಳು ಒಳಗೆ ಹೋಗದು ಎಂಬುದರ ಗುರುತು. ವಾಡಿ, ಶಹಾಬಾದ್, ಸೇಡಂನ ಕಾರ್ಖಾನೆ, ಗಣಿ ಕಡೆ ಕೆಲಸ ಮಾಡುವವರು ಆ 6ಕ್ಕೆ ದುಡ್ಡು ಕೊಡಿ, ನೂರು ವ್ಯಾಟ್ ಚಾರ್ಜಿಂಗ್‌ಗೆ ಬೇಡ. ಇನ್ನೊಂದು, ಪರದೆಯ ಬೆಳಕು. ಅಂಗಡಿಯ ಎಸಿಯಲ್ಲಿ ಎಲ್ಲ ಪರದೆಯೂ ಚೆಂದ. ಕೇಳಿ ಬಾಗಿಲಿಂದಾಚೆ ಬಿಸಿಲಿಗೆ ತಂದು ಒಂದು ಮೆಸೇಜ್ ಓದಿ ನೋಡಿ.

ಅಪ್‌ಡೇಟ್ ಭರವಸೆ ಕೊನೆಗೆ, ಆದರೆ ಹೆಚ್ಚಿನ ತೂಕ ಅದಕ್ಕೇ. ಗೂಗಲ್‌ನ 2023ರ ಪಿಕ್ಸೆಲ್ 8 ಮತ್ತು ಸ್ಯಾಮ್‌ಸಂಗ್‌ನ 2024ರ ಗ್ಯಾಲಕ್ಸಿ ಎಸ್24ಕ್ಕೆ ಏಳು ವರ್ಷ ಕೊಡುವುದಾಗಿ ಆಯಾ ಕಂಪನಿಗಳು ಘೋಷಿಸಿವೆ. ಕಡಿಮೆ ದರದ ಗ್ಯಾಲಕ್ಸಿ ಎ16 5ಜಿಗೂ ಸ್ಯಾಮ್‌ಸಂಗ್ ಆರು ವರ್ಷ ಎಂದಿದೆ. ಮೋಸ ಹೋಗುವುದು ಇಲ್ಲಿ: ಈ ವರ್ಷಗಳನ್ನು ಎಣಿಸುವುದು ಮಾದರಿ ಮಾರುಕಟ್ಟೆಗೆ ಬಂದ ದಿನದಿಂದ, ನೀವು ಕೊಂಡ ದಿನದಿಂದಲ್ಲ. ಮೂರು ವರ್ಷದ ಭರವಸೆಯ ಫೋನನ್ನು ಎರಡು ವರ್ಷ ಆದ ಮೇಲೆ ಭಾರೀ ರಿಯಾಯಿತಿಯಲ್ಲಿ ಕೊಂಡರೆ ಉಳಿದದ್ದು ಒಂದೇ ವರ್ಷ.

8. ಅಂಗಡಿಯಲ್ಲಿ

ಹಬ್ಬಕ್ಕೆ ಕಾಯಬೇಕೇ? 2025ರ ಸೆಪ್ಟೆಂಬರ್ 22ರ ಜಿಎಸ್‌ಟಿ ಕಡಿತದಲ್ಲಿ ಟಿವಿ, ಎಸಿ ಅಗ್ಗವಾದವು. ಮೊಬೈಲಿನ ತೆರಿಗೆ 2020ರ ಏಪ್ರಿಲ್‌ನಿಂದ ಇದ್ದ 18 ಪರ್ಸೆಂಟಿನಲ್ಲೇ ಉಳಿಯಿತು. ದಸರಾ, ದೀಪಾವಳಿಗೆ ಸಿಗುವುದು ಹೆಚ್ಚಾಗಿ ಕಾರ್ಡಿನ ರಿಯಾಯಿತಿ. ಐಫೋನ್ ಬೇಕಾದವರು ಸೆಪ್ಟೆಂಬರ್ ಕಾಯಿರಿ, ಹೊಸದು ಬಂದ ಕೂಡಲೇ ಹಿಂದಿನದರ ದರ ಇಳಿಯುತ್ತದೆ.

"ನೋ ಕಾಸ್ಟ್ ಇಎಂಐ" ಎಂಬ ಬೋರ್ಡ್ ಸೂಪರ್ ಮಾರ್ಕೆಟ್ ಕಡೆ ಹೋದರೆ ಎಲ್ಲೆಲ್ಲೂ ಕಾಣುತ್ತದೆ. 18,000ದ ಫೋನಿಗೆ ತಿಂಗಳಿಗೆ 3,000ದಂತೆ ಆರು ಕಂತು, ಬಡ್ಡಿಯಿಲ್ಲ ಎನ್ನುತ್ತಾರೆ. ಕೇಳಬೇಕಾದ ಪ್ರಶ್ನೆ ಒಂದೇ: "ನಗದು ಕೊಟ್ಟರೆ ಎಷ್ಟು?" 16,800 ಎಂದರೆ ಆ 1,200 ರೂಪಾಯಿಯೇ ಬಡ್ಡಿ. ಮೇಲೆ ಪ್ರೊಸೆಸಿಂಗ್ ಶುಲ್ಕ, ಅದಕ್ಕೆ ಜಿಎಸ್‌ಟಿ. ಫೈನಾನ್ಸ್‌ನಲ್ಲಿ ತೊಗೊಂಡ ಫೋನಿಗೆ ಕಂತು ತಪ್ಪಿದರೆ ಲಾಕ್ ಮಾಡುವ ಆಪ್ ಹಾಕಿರುತ್ತಾರೋ ಎಂದು ಸಹಿ ಮಾಡುವ ಮೊದಲೇ ಕೇಳಿ.

ಬಿಲ್ ಇಲ್ಲದೆ ಐನೂರು ಕಡಿಮೆ ಎಂದರೆ ಒಪ್ಪಬೇಡಿ, ವಾರಂಟಿ ನಡೆಯುವುದು ಬಿಲ್ಲಿನ ತಾರೀಖಿನ ಮೇಲೆ. ಡಬ್ಬಿ ನಿಮ್ಮ ಮುಂದೆಯೇ ಒಡೆಯಲಿ. *#06# ಒತ್ತಿ, ಪರದೆಯ ಮೇಲೆ ಬರುವ 15 ಅಂಕಿಯ ಐಎಂಇಐ, ಅಂದರೆ ಫೋನಿನ ಆಧಾರ್ ಸಂಖ್ಯೆ, ಡಬ್ಬಿ ಮತ್ತು ಬಿಲ್ಲಿನಲ್ಲೂ ಅದೇ ಇರಬೇಕು. ಹೈದರಾಬಾದ್‌ನಲ್ಲಿ ಅಗ್ಗ ಎಂದು ಹೋಗುವವರು ಬಸ್ ಖರ್ಚು ಬಿಡಿ, ಅದು ಹೊರದೇಶದ ಪೀಸ್ ಅಲ್ಲ ಎಂದು ಖಾತ್ರಿ ಮಾಡಿಕೊಳ್ಳಿ. ಅಂಥವಕ್ಕೆ ಇಲ್ಲಿ ವಾರಂಟಿ ಸಿಗದೆ ಹೋಗಬಹುದು.

ಸೆಕೆಂಡ್ ಹ್ಯಾಂಡ್ ಆದರೆ ಹಣ ಕೊಡುವ ಮೊದಲು ಇಂಗ್ಲಿಷಿನಲ್ಲಿ ಕೆವೈಎಂ ಎಂಬ ಮೂರು ಅಕ್ಷರ, ಒಂದು ಜಾಗ ಬಿಟ್ಟು ಐಎಂಇಐ ಸಂಖ್ಯೆ ಬರೆದು 14422ಕ್ಕೆ ಮೆಸೇಜ್ ಕಳಿಸಿ. ಕೇಂದ್ರ ಸರ್ಕಾರದ ಸಂಚಾರ್ ಸಾಥಿ ವ್ಯವಸ್ಥೆಯಿಂದ ಆ ಫೋನಿನ ವಿವರ ಮರಳಿ ಬರುತ್ತದೆ. ಬ್ಲಾಕ್ ಆಗಿದೆ ಅಥವಾ ಮಾದರಿಯ ಹೆಸರೇ ಬೇರೆ ಎಂದು ಬಂದರೆ ಮಾತು ಮುಗಿಸಿ ಎದ್ದುಬಿಡಿ. ಕದ್ದ ಫೋನ್ ಕೊಂಡರೆ ದುಡ್ಡೂ ಹೋಗುತ್ತದೆ, ಪೊಲೀಸ್ ಠಾಣೆಯ ಕಟ್ಟೆಯೂ ಹತ್ತಬೇಕಾಗುತ್ತದೆ.

9. ಬದಲಾಯಿಸುವ ದಿನ

ಸಂತೆಯ ದಿನ, ಮದುವೆಯ ದಿನ, ಯಾರಿಗಾದರೂ ದೊಡ್ಡ ಹಣ ಕಳಿಸಬೇಕಾದ ದಿನ ಫೋನ್ ಬದಲಾಯಿಸಬೇಡಿ. ಹೊಸ ಫೋನಿನಲ್ಲಿ ಯುಪಿಐ ನೋಂದಾಯಿಸಿದ ಮೊದಲ 24 ಗಂಟೆ ಸಾಮಾನ್ಯವಾಗಿ 5,000 ರೂಪಾಯಿಗಿಂತ ಹೆಚ್ಚು ಕಳಿಸಲು ಬರುವುದಿಲ್ಲ. ನೋಂದಣಿಗೆ ಬ್ಯಾಂಕಿನ ಸಿಮ್ ಅದೇ ಫೋನಿನಲ್ಲಿರಬೇಕು, ಅದರಿಂದ ಒಂದು ಎಸ್‌ಎಂಎಸ್ ಹೋಗುವಷ್ಟು ರೀಚಾರ್ಜ್ ಇರಬೇಕು.

ವಾಟ್ಸಾಪ್‌ಗೆ ಎರಡು ದಾರಿ. ಎರಡೂ ಆಂಡ್ರಾಯ್ಡ್ ಫೋನ್ ಆದರೆ ಹಳೆಯದರ ಸೆಟ್ಟಿಂಗ್ಸ್, ಚಾಟ್ಸ್, ಟ್ರಾನ್ಸ್‌ಫರ್ ಚಾಟ್ಸ್ ಒತ್ತಿ ಹೊಸದರ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ. ಇಲ್ಲವೇ ಗೂಗಲ್‌ಗೆ ಬ್ಯಾಕಪ್ ಮಾಡಿ. ಆ ಬ್ಯಾಕಪ್ ಈಗ ನಿಮ್ಮ 15 ಜಿಬಿ ಉಚಿತ ಜಾಗದಲ್ಲೇ ಎಣಿಕೆಯಾಗುತ್ತದೆ, ಜಾಗ ತುಂಬಿದ್ದರೆ ಅರ್ಧಕ್ಕೆ ನಿಲ್ಲುತ್ತದೆ. ಎರಡನೇ ಹಂತದಲ್ಲಿ ಅಳಿಸಿದ ಕಸ ಇಲ್ಲಿ ಉಪಯೋಗಕ್ಕೆ ಬಂತು.

ಹಳೆಯ ಫೋನನ್ನು ಒಂದು ವಾರ ಹಾಗೆಯೇ ಇಟ್ಟುಕೊಳ್ಳಿ. ಎಲ್ಲ ಬಂದಿದೆ ಎಂದು ಖಾತ್ರಿಯಾದ ಮೇಲೆ ಮೊದಲು ಗೂಗಲ್ ಅಕೌಂಟ್, ಐಫೋನ್ ಆದರೆ ಆಪಲ್ ಅಕೌಂಟ್ ತೆಗೆಯಿರಿ, ಆಮೇಲೆ ಫ್ಯಾಕ್ಟರಿ ರೀಸೆಟ್ ಮಾಡಿ. ಕ್ರಮ ತಿರುವಾದರೆ ಕೊಂಡವರ ಕೈಯಲ್ಲಿ ಫೋನ್ ನಿಮ್ಮ ಪಾಸ್‌ವರ್ಡ್ ಕೇಳುತ್ತಾ ಕೂರಬಹುದು, ಅವರು ಊರಿನಿಂದ ನಿಮಗೆ ಫೋನ್ ಮಾಡುತ್ತಾ ಕೂರುತ್ತಾರೆ. ಮೆಮೊರಿ ಕಾರ್ಡ್ ಮತ್ತು ಸಿಮ್ ತೆಗೆದಿರೋ ಎಂದು ಟ್ರೇ ಇನ್ನೊಮ್ಮೆ ಎಳೆದು ನೋಡಿ.

ಮಾರಲಾಗದ, ಬ್ಯಾಟರಿ ಉಬ್ಬಿದ ಫೋನನ್ನು ಕಸದ ಗಾಡಿಗೆ ಹಾಕಬೇಡಿ, ಒತ್ತಡಕ್ಕೆ ಅದು ಹೊತ್ತಿಕೊಳ್ಳುತ್ತದೆ. 2023ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮದಂತೆ ಹಳೆಯ ಫೋನುಗಳ ವಿಲೇವಾರಿಯ ಹೊಣೆ ತಯಾರಕರ ಮೇಲಿದೆ. ಮಕ್ಕಳ ಕೈಗೆ ಸಿಗದ ಹಾಗೆ ಒಂದು ಸ್ಟೀಲ್ ಡಬ್ಬಿಯಲ್ಲಿ ಒಣ ಮರಳು ಹಾಕಿ ಅದರಲ್ಲಿ ಇಡಿ. ಮುಂದಿನ ಸಲ ಪೇಟೆಗೆ ಹೋದಾಗ ಆ ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಕೊಟ್ಟು ಬನ್ನಿ.